ಎತ್ತರದ ಸೂರು, ನಿಧಾನದ ಗಾಳಿ

(ಲೋಕಿಕೆರೆಯಲ್ಲಿ ಗ್ರಾಮಸ್ಥರು ಹಾಗೂ ಮಲೆನಾಡಿನಿಂದ ಬಂದಿದ್ದ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಪರಿಸರದ ಸಭೆಯಲ್ಲಿ ಫ್ಯಾನಿನ ವಿಷಯವೇಕೆ ಎಂದು ನಿಮಗೆ ಅನ್ನಿಸಬಹುದು. ಈಗ ಊರೂರಿಗೂ ಎತ್ತರದ ಚಾವಣಿಯ ಸಮುದಾಯ ಭವನಗಳು, ಕಲ್ಯಾಣ ಮಂಟಪಗಳು, ಶಾಲಾ ಸಭಾಂಗಣಗಳು ಏಳುತ್ತಿವೆ. ಬಹುತೇಕ ಭವನಗಳಿಗೆ ಮೇಲೆ ಹೊದಿಸುವುದು ತಗಡಿನ ಶೀಟು. ಏಪ್ರಿಲ್ ತಿಂಗಳ ಮದುವೆಯಲ್ಲಿ ಜನ ಬೆಂದು ಹೋಗುತ್ತಾರೆ. ಆಗ ಊರಿನ ಸಮಿತಿ ಸೇರಿ, ಹಣ ಕೂಡಿಸಿ, ದೊಡ್ಡ ಫ್ಯಾನು ತರಲು ಹೊರಡುತ್ತದೆ. ಆ ಹಣ ಊರಿನದು, ಮುಂದೆ ಬರುವ ವಿದ್ಯುತ್ ಬಿಲ್ಲೂ ಊರಿನದು. ಗೃಹಜ್ಯೋತಿಯ ಉಚಿತ ವಿದ್ಯುತ್ತು 2023ರಿಂದ ಮನೆಗಳಿಗೆ ಬಂದಿದೆ, ಭವನಗಳಿಗೆ ಬಂದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಫ್ಯಾನು ತೂಗುವುದು ನಮ್ಮ ಮಕ್ಕಳ ತಲೆಯ ಮೇಲೆ. ಆದುದರಿಂದ ಯಾವ ಫ್ಯಾನು, ಎಷ್ಟು ದೊಡ್ಡದು, ಎಲ್ಲಿ ಮತ್ತು ಹೇಗೆ ತೂಗುಹಾಕಬೇಕು ಎಂಬುದನ್ನು ಊರಿನವರೇ ತಿಳಿದು ತೀರ್ಮಾನಿಸಬೇಕು.

ಮೊದಲು ಒಂದು ಮೂಲ ಸಂಗತಿ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಅದರ ಮೋಟಾರು ಬಿಸಿಯಾಗುವುದರಿಂದ ಕೋಣೆಗೆ ಅಷ್ಟಿಷ್ಟು ಶಾಖವನ್ನೇ ಸೇರಿಸುತ್ತದೆ. ನಮಗೆ ತಂಪೆನಿಸುವುದು ಬೀಸುವ ಗಾಳಿ ನಮ್ಮ ಮೈಯ ಬೆವರನ್ನು ಆರಿಸುವುದರಿಂದ. ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗದ ಮಂದಮಾರುತ ಮೈಗೆ ತಾಗಿದರೆ ಸಾಕು, ಸೆಕೆ ಸುಮಾರು 2ರಿಂದ 3 ಡಿಗ್ರಿ ಇಳಿದಂತೆ ಅನುಭವವಾಗುತ್ತದೆ. ಇದರಿಂದ ಎರಡು ಪಾಠಗಳಿವೆ. ಜನರಿಲ್ಲದ ಕಡೆ ತಿರುಗುವ ಫ್ಯಾನು ಶುದ್ಧ ನಷ್ಟ. ಹಾಗೆಯೇ ಗಾಳಿ ಬೇಕಾದದ್ದು ಕುಳಿತ ಮನುಷ್ಯನ ಮಟ್ಟದಲ್ಲಿ, ಸೂರಿನ ಬುಡದಲ್ಲಿ ಅಲ್ಲ. ಮಲೆನಾಡಿನ ಮಿತ್ರರು ಇನ್ನೊಂದನ್ನೂ ಗಮನಿಸಬೇಕು. ನಿಮ್ಮಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ತಾನಾಗಿ ಆರದು, ಆದ್ದರಿಂದ ಬಿಸಿಲು ಕಡಿಮೆಯಿದ್ದರೂ ಬೀಸುಗಾಳಿ ಬೇಕಾಗುತ್ತದೆ. ಈ ಬಯಲುಸೀಮೆಯಲ್ಲಿ ಒಣ ಸೆಕೆ. ಉಷ್ಣತೆ 40 ಡಿಗ್ರಿ ದಾಟಿದ ದಿನ ಫ್ಯಾನೊಂದನ್ನೇ ನಂಬಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ಬಿಸಿಯಲ್ಲಿ ಬೀಸುಗಾಳಿಯೇ ಮೈಗೆ ಶಾಖ ತುಂಬಬಲ್ಲದು. ಅಂದು ನೆರಳು, ನೀರು, ವಿಶ್ರಾಂತಿಗಳೇ ಮದ್ದು.

ಹಾಗಾದರೆ ಫ್ಯಾನಿಗಿಂತ ಮೊದಲು ನೋಡಬೇಕಾದದ್ದು ಸೂರನ್ನು. ಇಲ್ಲಿಗೆ ಹತ್ತಿರದ ಹರಿಹರದಲ್ಲಿ 1224ರ ಸುಮಾರಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ನಡುಹಗಲಿನಲ್ಲಿ ಅದರ ಮಂಟಪದೊಳಗೆ ಹೋಗಿ ಕುಳಿತು ನೋಡಿ. ದಪ್ಪ ಕಲ್ಲಿನ ಚಾವಣಿ ಬಿಸಿಲಿನ ಶಾಖವನ್ನು ತಡೆದು ತಡವಾಗಿ ಒಳಬಿಡುತ್ತದೆ. ತೆರೆದ ಪಕ್ಕಗಳಿಂದ ಗಾಳಿ ಹಾಯುತ್ತದೆ. ತಗಡಿನ ಶೀಟು ಇದಕ್ಕೆ ತದ್ವಿರುದ್ಧ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಕಾದು, ಕೆಳಗೆ ಕುಳಿತವರ ತಲೆಯ ಮೇಲೆ ಕೆಂಡದಂತೆ ಶಾಖ ಸುರಿಸುತ್ತದೆ. ಬಿಸಿಗಾಳಿ ಹಗುರವಾದ್ದರಿಂದ ಮೇಲೇರಿ ಚಾವಣಿಯ ಕೆಳಗೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಹೊರದಾರಿ ಇಲ್ಲದಿದ್ದರೆ, ಸೂರಿಗೆ ಹತ್ತಿರವಾಗಿ ತೂಗುಹಾಕಿದ ಫ್ಯಾನು ಆ ಬಿಸಿಯನ್ನೇ ಎಳೆದು ನಮ್ಮ ಮೇಲೆ ಚೆಲ್ಲುತ್ತದೆ.

ಆದುದರಿಂದ ಫ್ಯಾನಿನ ಹಣದಲ್ಲಿ ಒಂದು ಪಾಲನ್ನು ಮೊದಲು ಸೂರಿಗೆ ಖರ್ಚು ಮಾಡಿ. ಚಾವಣಿಯ ಹೊರಮೈಗೆ ಬಿಳಿ ಸುಣ್ಣವನ್ನೋ ಬಿಳಿ ಬಣ್ಣವನ್ನೋ ಬಳಿಸಿದರೆ ಬಿಸಿಲಿನ ದೊಡ್ಡ ಭಾಗ ಹಿಂದಿರುಗುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಎದುರುಬದುರಾಗಿ ಗವಾಕ್ಷಿಗಳಿರಲಿ, ಅವುಗಳಿಗೆ ಗುಬ್ಬಚ್ಚಿ ನುಸುಳದಂಥ ಜಾಲರಿ ಇರಲಿ. ತಿರುಗುವ ರೆಕ್ಕೆಗೆ ಸಿಕ್ಕಿ ಸಾಯುವ ಹಕ್ಕಿಗಳನ್ನು ಎಲ್ಲ ಸಭಾಂಗಣಗಳೂ ಕಂಡಿವೆ. ಪಶ್ಚಿಮದ ಗೋಡೆಗೆ ಬೇವು, ಹೊಂಗೆಗಳ ನೆರಳಿರಲಿ. ಇಷ್ಟು ಮಾಡಿದ ಮೇಲೆ ಉಳಿಯುವ ಸೆಕೆಗೆ ಮಾತ್ರ ಫ್ಯಾನು ಕೊಳ್ಳಬೇಕು.

ಈಗ ಗಾತ್ರದ ಪ್ರಶ್ನೆ. ಇಂದು ಪೇಟೆಯಲ್ಲಿ 8 ಅಡಿಯಿಂದ 24 ಅಡಿ ಅಡ್ಡಳತೆಯವರೆಗಿನ ದೈತ್ಯ ಫ್ಯಾನುಗಳು ಸಿಗುತ್ತವೆ. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಲಿನ ಡೇರಿಗಳ ದೊಡ್ಡ ಕೊಟ್ಟಿಗೆಗಳಿಗಾಗಿ ರೂಪುಗೊಂಡ ಯಂತ್ರ ಇದು. ಸೆಕೆಗೆ ಹಸುಗಳ ಹಾಲು ಇಳಿಯುತ್ತಿತ್ತು, ವೇಗವಾಗಿ ತಿರುಗುವ ಚಿಕ್ಕ ಫ್ಯಾನುಗಳು ಧೂಳೆಬ್ಬಿಸುತ್ತಿದ್ದವು. ಹಸುವಿಗೆಂದು ಬಂದದ್ದು ಮುಂದೆ ಗೋದಾಮು, ಕಾರ್ಖಾನೆ, ರೈಲು ನಿಲ್ದಾಣಗಳಿಗೆ ಹರಡಿತು. ನಮ್ಮ ಮನೆಯ 4 ಅಡಿಯ ಫ್ಯಾನು ನಿಮಿಷಕ್ಕೆ ಸುಮಾರು 350 ಸುತ್ತು ತಿರುಗಿದರೆ, 20 ಅಡಿಗೂ ಮೀರಿದ ಫ್ಯಾನು ಸುಮಾರು 50–60 ಸುತ್ತು ತಿರುಗುತ್ತದೆ. ಅದು ತಳ್ಳಿದ ಗಾಳಿ ದಪ್ಪ ಕಂಬದಂತೆ ಕೆಳಗಿಳಿದು, ಕೊಡದಿಂದ ಸುರಿದ ನೀರು ನೆಲದ ಮೇಲೆ ಹರಡುವಂತೆ ನಾಲ್ಕೂ ಕಡೆಗೆ ಹರಿಯುತ್ತದೆ. ಚಿಕ್ಕ ಫ್ಯಾನಿನ ಗಾಳಿ 20 ಅಡಿ ಎತ್ತರದಿಂದ ಇಳಿಯುವಷ್ಟರಲ್ಲಿ ಚದುರಿಹೋಗುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ನಿಯಮವನ್ನು ಬರೆದುಕೊಳ್ಳಬೇಕು. ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದು ತಳ್ಳುವ ಗಾಳಿ ಅರ್ಧವಾಗುತ್ತದೆ, ಆದರೆ ರೆಕ್ಕೆಗಳಿಗೆ ಬೇಕಾಗುವ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲೂ ಇದೇ ನಿಯಮ ಎದುರು ದಿಕ್ಕಿನಲ್ಲಿ ನಡೆಯುತ್ತದೆ: ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿ ದೊರಕುವ ಶಕ್ತಿ ಎಂಟು ಪಟ್ಟು. ಹಾಗಾಗಿ ದೊಡ್ಡ ಫ್ಯಾನಿನ ಉಳಿತಾಯ ಇರುವುದು ಅದರ ನಿಧಾನದಲ್ಲಿ. ಅದನ್ನು ತಂದು ಸದಾ ಪೂರ್ಣ ವೇಗದಲ್ಲಿ ತಿರುಗಿಸಿದರೆ ಆ ಉಳಿತಾಯ ಕೈತಪ್ಪುತ್ತದೆ.

ಲೆಕ್ಕ ಹಾಕಿ ನೋಡೋಣ. 60 ಅಡಿ ಉದ್ದ, 40 ಅಡಿ ಅಗಲದ ಒಂದು ಭವನ ಎಂದುಕೊಳ್ಳಿ. ಅದಕ್ಕೆ ಮನೆಬಳಕೆಯ ಫ್ಯಾನುಗಳಾದರೆ 15 ಬೇಕು. ಹಳೆಯ ಬಗೆಯ ಫ್ಯಾನು ತಲಾ 75 ವ್ಯಾಟ್‌ನಂತೆ 1,125 ವ್ಯಾಟ್ ಎಳೆಯುತ್ತದೆ. ಐದು ಗಂಟೆಯ ಕಾರ್ಯಕ್ರಮಕ್ಕೆ ಐದೂವರೆ ಯೂನಿಟ್‌ಗೂ ಹೆಚ್ಚು. ಈಗ ಬಂದಿರುವ ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನುಗಳು ತಲಾ ಸುಮಾರು 30 ವ್ಯಾಟ್‌ನಂತೆ 450 ವ್ಯಾಟ್. ಅದೇ ಐದು ಗಂಟೆಗೆ ಎರಡೂಕಾಲು ಯೂನಿಟ್. 20 ಅಡಿಯ ಒಂದೇ ದೊಡ್ಡ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು 1,000 ವ್ಯಾಟ್ ಕೇಳುತ್ತದೆ. ಮುಕ್ಕಾಲಿಗೂ ಕಡಿಮೆ ವೇಗದಲ್ಲಿ ಓಡಿಸಿದರೆ ಅದು ಅರ್ಧಕ್ಕಿಂತ ಕೆಳಗೆ ಬರುತ್ತದೆ.

ಆದ್ದರಿಂದ ದೊಡ್ಡದೆಲ್ಲ ಮಿತವ್ಯಯದ್ದೆಂದು ಭ್ರಮಿಸಬೇಡಿ. ಚಾವಣಿ 14–15 ಅಡಿಯೊಳಗಿದ್ದರೆ, ಉದ್ದನೆಯ ರಾಡಿಗೆ ತೂಗಿದ ಬಿ.ಎಲ್.ಡಿ.ಸಿ. ಫ್ಯಾನುಗಳೇ ಲೇಸು. ಹತ್ತು ಜನ ಸೇರಿದ ದಿನ ಎರಡನ್ನು ಹಾಕಿ ಉಳಿದವನ್ನು ಆರಿಸಬಹುದು. ಒಂದು ಕೆಟ್ಟರೆ ಹದಿನಾಲ್ಕು ಉಳಿಯುತ್ತವೆ. ರಿಪೇರಿ ದಾವಣಗೆರೆಯಲ್ಲೇ ಆಗುತ್ತದೆ. ಚಾವಣಿ 18–20 ಅಡಿಗೂ ಮೇಲಿದ್ದು, ಭವನ ಪದೇ ಪದೇ ಪೂರ್ತಿ ತುಂಬುವುದಾದರೆ ಮಾತ್ರ ದೊಡ್ಡ ಫ್ಯಾನಿಗೆ ಅರ್ಥವಿದೆ. ವರ್ಷಕ್ಕೆ ಹತ್ತು ಮದುವೆ ನಡೆಯುವ ಭವನಕ್ಕೆ ಅದು ಬಿಳಿಯಾನೆಯಾದೀತು.

ಕೊಳ್ಳುವಾಗ ಬಣ್ಣದ ಚಿತ್ರಕ್ಕೆ ಮರುಳಾಗದೆ ಎರಡು ಅಂಕಿಗಳನ್ನು ಕೇಳಿ: ನಿಮಿಷಕ್ಕೆ ಎಷ್ಟು ಘನಮೀಟರ್ ಗಾಳಿ, ಅದಕ್ಕೆ ಎಷ್ಟು ವ್ಯಾಟ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 210 ಘನಮೀಟರಿಗೆ 75 ವ್ಯಾಟ್ ಎಂದರೆ 2.8; ಅದೇ ಗಾಳಿಗೆ 30 ವ್ಯಾಟ್ ಎಂದರೆ 7. ಇದೇ ಫ್ಯಾನಿನ ನಿಜವಾದ ಮೈಲೇಜು. ಮನೆಬಳಕೆಯ ಸೀಲಿಂಗ್ ಫ್ಯಾನುಗಳ ಮೇಲೆ ನಕ್ಷತ್ರಗಳ ಪಟ್ಟಿ 2023ರ ಜನವರಿ 1ರಿಂದ ಕಡ್ಡಾಯವಾಗಿದೆ. ದೊಡ್ಡ ಫ್ಯಾನಿಗಾದರೆ ಈ ಅಂಕಿಗಳನ್ನೂ ಅದರ ತೂಕವನ್ನೂ ಮಾರುವವರಿಂದ ಬರಹದಲ್ಲಿ ಪಡೆಯಿರಿ. ಅದು ಸಿಂಗಲ್ ಫೇಸ್‌ನಲ್ಲಿ ನಡೆಯುವುದೋ ಮೂರು ಫೇಸ್ ಬೇಕೋ ಎಂದು ಕೇಳಲು ಮರೆಯಬೇಡಿ. ಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಮಾರ್ಗದ ಮೂರು ಫೇಸ್ ವಿದ್ಯುತ್ತು ದಿನದ ಕೆಲವೇ ಗಂಟೆ ಇರುತ್ತದೆ. ಮುಹೂರ್ತದ ವೇಳೆಗೆ ಅದು ಇರದಿದ್ದರೆ ದೈತ್ಯ ಫ್ಯಾನು ಬರೀ ಅಲಂಕಾರ. ನಿಮ್ಮ ಭವನಕ್ಕೆ ಯಾವ ಮಾರ್ಗದಿಂದ ಸಂಪರ್ಕವಿದೆ ಎಂದು ಬೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮಲೆನಾಡಿನ ಶಿವಮೊಗ್ಗ, ಚಿಕ್ಕಮಗಳೂರು ಕಡೆಯವರು ಮೆಸ್ಕಾಂನಲ್ಲಿ ಕೇಳಬೇಕು.

ಇನ್ನು ತೂಗುಹಾಕುವ ಕೆಲಸ. ಅತ್ಯಂತ ಎಚ್ಚರ ಬೇಕಾದದ್ದು ಇಲ್ಲಿ. ಸಾಮಾನ್ಯ ಫ್ಯಾನಿನ ರೆಕ್ಕೆ ನೆಲದಿಂದ ಕನಿಷ್ಠ 8 ಅಡಿ ಎತ್ತರದಲ್ಲಿರಬೇಕು, ಚಾವಣಿಯಿಂದ ಕನಿಷ್ಠ ಒಂದು ಅಡಿ ಕೆಳಗಿರಬೇಕು. ಸೂರಿಗೆ ಅಂಟಿಕೊಂಡ ಫ್ಯಾನಿಗೆ ಮೇಲಿನಿಂದ ಎಳೆಯಲು ಗಾಳಿಯೇ ಸಿಗದು. ದೊಡ್ಡ ಫ್ಯಾನಿಗೆ ನೆಲದಿಂದ ಕನಿಷ್ಠ 10 ಅಡಿ ಬೇಕು. ಚಾವಣಿಯಿಂದ ಮತ್ತು ಪಕ್ಕದ ಕಂಬ, ತೊಲೆಗಳಿಂದ ಎಷ್ಟು ಅಂತರವಿರಬೇಕೆಂದು ತಯಾರಕರು ಬರೆದುಕೊಟ್ಟಿರುತ್ತಾರೆ, ಅದನ್ನು ಒಂದಂಗುಲವೂ ಮೀರಬಾರದು. ದೀಪಗಳನ್ನು ರೆಕ್ಕೆಗಳ ಮೇಲ್ಗಡೆ ಹಾಕಬೇಡಿ. ಬೆಳಕು ಕತ್ತರಿಸಿ ಕತ್ತರಿಸಿ ಬಿದ್ದು ಕಣ್ಣಿಗೆ ಹಿಂಸೆಯಾಗುತ್ತದೆ.

ದೊಡ್ಡ ಫ್ಯಾನಿನ ತೂಕ ನೂರು ಕಿಲೋ ದಾಟಬಹುದು. ಅದು ಸುಮ್ಮನೆ ತೂಗುವ ಭಾರವಲ್ಲ. ತಿರುಗಲು ತೊಡಗಿದಾಗಲೂ ನಿಲ್ಲುವಾಗಲೂ ತಾನು ನೇತಾಡುವ ತೊಲೆಯನ್ನು ತಿರುಚುತ್ತದೆ. ಶೀಟು ಹಾಕಲು ಹೊಂದಿಸಿದ ತೆಳುವಾದ ಪರ್ಲಿನ್‌ಗೆ ಅದನ್ನು ಎಂದಿಗೂ ಕಟ್ಟಬಾರದು. ಮುಖ್ಯ ಟ್ರಸ್ಸಿಗೋ ಆರ್‌ಸಿಸಿ ತೊಲೆಗೋ ಕಟ್ಟಬೇಕು, ಅದೂ ಕಟ್ಟಡದ ಇಂಜಿನಿಯರು ನೋಡಿ ಬರಹದಲ್ಲಿ ಒಪ್ಪಿದ ಮೇಲೆ. ಫ್ಯಾನು ಓಲಾಡದಂತೆ ನಾಲ್ಕು ಕಡೆಗೆ ಬಿಗಿದ ತಂತಿ, ಬೋಲ್ಟು ಕಳಚಿದರೂ ಹಿಡಿದು ನಿಲ್ಲಿಸುವ ಪ್ರತ್ಯೇಕ ಉಕ್ಕಿನ ಹಗ್ಗ, ಇವೆರಡೂ ಇರಲೇಬೇಕು. ಮಲೆನಾಡಿನ ಹೆಂಚಿನ ಮಾಡುಗಳಲ್ಲಿ ಮರದ ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಬಡಿದು, ಚುಚ್ಚಿ ನೋಡಿ. ಹಳೆಯ ತೊಲೆಗೆ ಸಾಮಾನ್ಯ ಫ್ಯಾನು ತೂಗುವುದಾದರೂ ಸ್ಕ್ರೂ ಕೊಕ್ಕೆ ಬೇಡ. ತೊಲೆಯನ್ನು ಸುತ್ತುವರಿದು ಹಿಡಿಯುವ ಕಬ್ಬಿಣದ ಪಟ್ಟಿ ಹಾಕಿಸಿ. ಹೊಸ ಆರ್‌ಸಿಸಿ ಚಾವಣಿ ಹಾಕುವವರು ಕಾಂಕ್ರೀಟಿಗೆ ಮೊದಲೇ ಒಳಗಿನ ಸರಳುಗಳಿಗೆ ಕೊಕ್ಕೆ ಕಟ್ಟಿಸಿಕೊಂಡರೆ ಮುಂದೆ ಕೊರೆಯುವ ಗೋಜಿಲ್ಲ.

ಅರ್ಥಿಂಗ್, ಪ್ರತ್ಯೇಕ ಎಂ.ಸಿ.ಬಿ., ನೆಲದಿಂದಲೇ ಕೈಗೆಟುಕುವ ಸ್ವಿಚ್ಚು, ಇವುಗಳನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಿ. ಮುಂಗಾರು ಪೂರ್ವದ ಬಿರುಗಾಳಿ ಎದ್ದಾಗ ದೊಡ್ಡ ಫ್ಯಾನನ್ನು ನಿಲ್ಲಿಸಿಬಿಡಿ. ವರ್ಷಕ್ಕೊಮ್ಮೆ ಯುಗಾದಿಗೆ ಮೊದಲು ಬೋಲ್ಟು, ಪಿನ್ನು, ಹಗ್ಗಗಳನ್ನು ಪರೀಕ್ಷಿಸಿ, ರೆಕ್ಕೆಯ ಧೂಳು ಒರೆಸಿ, ದಿನಾಂಕವನ್ನು ಭವನದ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಮಾಡಿಕೊಳ್ಳಿ.

ಫ್ಯಾನು ಎಲ್ಲೆಡೆಯೂ ಉತ್ತರವಲ್ಲ ಎಂಬುದಕ್ಕೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳೇ ಸಾಕ್ಷಿ. ಅಲ್ಲಿ ಮೇಲಿನಿಂದ ಗಾಳಿ ಬೀಸಿದರೆ ಬೂದಿ ಹಾರುತ್ತದೆ, ಹಗುರವಾದ ಮಂಡಕ್ಕಿಯೂ ಹಾರುತ್ತದೆ, ಹೊಗೆ ಒಳಗೇ ಸುತ್ತುತ್ತದೆ. ಒಲೆಯ ಮುಂದೆ ಬೇಯುವ ಕಾರ್ಮಿಕರಿಗೆ ಬೇಕಾದದ್ದು ಎತ್ತರದ ಹೊಗೆಕೊಳವೆ, ಬಿಸಿಯನ್ನು ಹೊರಗೆಳೆಯುವ ಎಕ್ಸಾಸ್ಟ್, ಒಲೆಗೂ ಮೈಗೂ ನಡುವೆ ಒಂದು ತಡೆ.

ಕಡೆಯದಾಗಿ ಒಂದು ಮಾತು. ನಾವಿಲ್ಲಿ ಒತ್ತುವ ಸ್ವಿಚ್ಚಿನ ಇನ್ನೊಂದು ತುದಿ ಎಲ್ಲಿದೆ ಎಂದು ಮಲೆನಾಡಿನಿಂದ ಬಂದ ಈ ಮಕ್ಕಳಿಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಗದ್ದೆ, ತೋಟ, ಮನೆ, ದೇವಸ್ಥಾನಗಳು ನೀರಿನಡಿ ಸೇರಿದವು. ಆ ವಿದ್ಯುತ್ತಿನಿಂದ ನಾಡು ಬೆಳಗಿತು, ನಿಜ. ಅದರ ಬೆಲೆ ತೆತ್ತವರು ಬೇರೆ. ಬೆಂದವರಿಗೆ ಗಾಳಿ ಬೇಡವೆಂದು ಯಾರೂ ಹೇಳಲಾರರು. ಬಯಲುಸೀಮೆಯ ಕೂಲಿಯವನಿಗೂ, ಶಾಲೆಯ ಮಗುವಿಗೂ ತಂಪಿನ ಹಕ್ಕಿದೆ. ಆ ತಂಪನ್ನು ಬಿಳಿಯ ಸೂರಿನಿಂದ, ತೆರೆದ ಗವಾಕ್ಷಿಯಿಂದ, ನಿಧಾನವಾಗಿ ತಿರುಗುವ ರೆಕ್ಕೆಯಿಂದ ಪಡೆದರೆ 1,125 ವ್ಯಾಟ್‌ನ ಜಾಗದಲ್ಲಿ 450 ವ್ಯಾಟ್ ಸಾಕು. ಸಾವಿರಾರು ಭವನಗಳಲ್ಲಿ ಹೀಗೆ ಉಳಿದದ್ದು ಇನ್ನೊಂದು ಕಣಿವೆಯ ಮೇಲಿನ ಒತ್ತಡವನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ.

ವಿದ್ಯಾರ್ಥಿಗಳು ತಮ್ಮ ಶಾಲೆಯ ಸಭಾಂಗಣಕ್ಕೆ ಹೋಗಿ ಚಾವಣಿಯ ಎತ್ತರ ಅಳೆಯಲಿ, ಫ್ಯಾನುಗಳ ವ್ಯಾಟ್ ಬರೆದುಕೊಳ್ಳಲಿ, ಕೊಕ್ಕೆಗಳ ಸ್ಥಿತಿಯನ್ನು ತಿಳಿದವರಿಂದ ನೋಡಿಸಲಿ. ಆ ಒಂದು ಪುಟದ ವರದಿಯನ್ನು ಮುಂದಿನ ಗ್ರಾಮಸಭೆಯ ಮುಂದಿಡಲಿ. ಹಿರಿಯರು ಅದನ್ನು ಓದಿಸಿ ಕೇಳಿದ ಮೇಲೆಯೇ ಹಣದ ಗಂಟು ಬಿಚ್ಚಲಿ ಎಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.