ಅಭ್ಯರ್ಥಿಯ ಮಾತೂ ಆಸ್ಪತ್ರೆಯ ಕಡತವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ಕನ್ನಡ ಪಂಡಿತರೆನಿಸಿಕೊಂಡವರು ವೇದಿಕೆಗೆ ಬಂದರೆ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡುವರೆಂದು ತಾವು ನಿರೀಕ್ಷಿಸುವುದು ಸಹಜ. ಇಂದು ನಾವು ಆರಿಸಿಕೊಂಡ ವಿಷಯ ಅನ್ಯವಾದುದು. ಚುನಾವಣೆಗೆ ನಿಂತವರು ಜನರ ಆರೋಗ್ಯದ ವಿಷಯದಲ್ಲಿ ಏನನ್ನು ನುಡಿದಿದ್ದಾರೆ, ಏನನ್ನು ನಡೆಸಿದ್ದಾರೆ ಎಂಬುದನ್ನು ಸಾರ್ವಜನಿಕ ದಾಖಲೆಗಳಿಂದ ತಿಳಿಯುವುದು ಹೇಗೆ ಎಂಬುದೇ ಆ ವಿಷಯ. ಕನ್ನಡ ಸಂಘಕ್ಕೆ ಇದರಿಂದೇನು ಎಂದು ಯಾರೂ ಕೇಳಲಾರರೆಂದು ನಂಬಿದ್ದೇವೆ. ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡದ ಅಧ್ಯಾಪಕರಾಗಿಯೂ ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿಯೂ ದುಡಿದ ನೆಲವಿದು. ನುಡಿಯ ಕಾಳಜಿಯೂ ಊರಿನ ಕಾಳಜಿಯೂ ಇಲ್ಲಿ ಎಂದೂ ಬೇರೆಯಾಗಿರಲಿಲ್ಲ.

ಗಡಿಯೆಂಬುದು ಭೂಪಟದ ಮೇಲಿನ ಗೆರೆಯೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತ ಬಂದೆವು. 2020ರ ಮಾರ್ಚಿಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಆ ಗೆರೆ ಗೋಡೆಯಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳಲ್ಲಿ ಹಲವರು ಚಿಕಿತ್ಸೆ ಕಾಣದೆ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ದಾರಿಯ ತಡೆಯನ್ನು ತೆಗೆಸುವಂತೆ ಕೇಂದ್ರ ಸರಕಾರಕ್ಕೆ ಆದೇಶವಿತ್ತಿತು. ಏಪ್ರಿಲ್ 7ರಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ರೋಗಿಗಳ ಸಾಗಾಟಕ್ಕೆ ಒಂದು ಒಪ್ಪಂದವಾಯಿತು. ಬದಿಯಡ್ಕದ ಸಮೀಪದ ಉಕ್ಕಿನಡ್ಕದಲ್ಲಿ 2013ರಲ್ಲಿಯೇ ಶಿಲಾನ್ಯಾಸವಾಗಿದ್ದ ವೈದ್ಯಕೀಯ ಕಾಲೇಜಿನ ಕಟ್ಟಡವು ಕೋವಿಡ್ ಆಸ್ಪತ್ರೆಯಾಗಿ ತೆರೆದುದು ಆ ಏಪ್ರಿಲಿನಲ್ಲಿಯೇ. ಶಿಲಾನ್ಯಾಸಕ್ಕೂ ಚಿಕಿತ್ಸೆಗೂ ನಡುವೆ ಎಷ್ಟು ವರ್ಷಗಳಿರುತ್ತವೆ ಎಂಬ ಲೆಕ್ಕವನ್ನು ಮತದಾರನಲ್ಲದೆ ಮತ್ತಾರು ಇಡಬೇಕು?

ಈಗ ವ್ಯಾಕರಣಕ್ಕೆ ಬರೋಣ, ಅಭ್ಯಾಸ ಬಿಡದು. ಪ್ರಣಾಳಿಕೆಗಳ ವಾಕ್ಯಗಳನ್ನು ಗಮನಿಸಿರಿ. ‘ಆಸ್ಪತ್ರೆಯನ್ನು ಮೇಲ್ದರ್ಜೆಗೆ ಏರಿಸಲಾಗುವುದು’, ‘ವೈದ್ಯರನ್ನು ನೇಮಿಸಲಾಗುವುದು.’ ಕ್ರಿಯಾಪದವು ಭವಿಷ್ಯತ್ಕಾಲದಲ್ಲಿದೆ, ಪ್ರಯೋಗ ಕರ್ಮಣಿ, ಕರ್ತೃಪದ ಲೋಪವಾಗಿದೆ. ಯಾರು ಏರಿಸುವವರು? ಎಂದಿಗೆ? ಯಾವ ಹಣದಿಂದ? ಲೋಪವಾದ ಕರ್ತೃವನ್ನು ಹುಡುಕಿ ವಾಕ್ಯಕ್ಕೆ ಸೇರಿಸುವುದೇ ನಾವು ಹೇಳಹೊರಟ ಸಂಶೋಧನೆಯ ಸಾರ.

ಮೊದಲನೆಯದಾಗಿ, ಅಧಿಕಾರ ಯಾರದೆಂದು ನೋಡಬೇಕು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ರಾಜ್ಯಪಟ್ಟಿಗೆ ಸೇರಿವೆ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಗ್ರಾಮಪಂಚಾಯತಿಗೆ ಬಂದಿದೆ. ಏಮ್ಸ್‌ನಂತಹ ಸಂಸ್ಥೆಯನ್ನು ಮಂಜೂರು ಮಾಡುವುದು ಕೇಂದ್ರ ಸರಕಾರ. ಆದುದರಿಂದ ಪಂಚಾಯತಿಗೆ ನಿಂತವರು ಏಮ್ಸ್ ತರುವೆನೆಂದರೆ ಅದು ಹಾರೈಕೆಯೇ ಹೊರತು ವಾಗ್ದಾನವಲ್ಲ. ಲೋಕಸಭೆಗೆ ನಿಂತವರು ಊರಿನ ಆರೋಗ್ಯ ಕೇಂದ್ರಕ್ಕೆ ದಾದಿಯನ್ನು ನೇಮಿಸುವೆನೆಂದರೆ ಅದೂ ಅಂತಹುದೇ.

ಎರಡನೆಯದಾಗಿ, ಹಿಂದೆ ಸದಸ್ಯರಾಗಿದ್ದವರ ಮಾತು ಸದನದ ಕಡತದಲ್ಲಿದೆ. ಲೋಕಸಭೆಯ ಮತ್ತು ಕೇರಳ ವಿಧಾನಸಭೆಯ ಜಾಲತಾಣಗಳಲ್ಲಿ ಪ್ರಶ್ನೋತ್ತರಗಳು ದೊರೆಯುತ್ತವೆ. ಪ್ರಶ್ನೆಗಳ ಸಂಖ್ಯೆಯನ್ನು ಎಣಿಸಿ ತೃಪ್ತರಾಗಬಾರದು. ಪ್ರಶ್ನೆಯನ್ನೂ ಉತ್ತರವನ್ನೂ ಓದಿ, ಉತ್ತರ ಜಾರಿಕೊಂಡಿದ್ದರೆ ಅವರು ಮತ್ತೆ ಕೇಳಿದರೇ ಎಂದು ನೋಡಬೇಕು. ಮಂತ್ರಿಗಳಾಗಿದ್ದವರು ಪ್ರಶ್ನೆ ಕೇಳುವಂತಿಲ್ಲ. ಅವರನ್ನು ಕೊಟ್ಟ ಉತ್ತರಗಳಿಂದ ಅಳೆಯಬೇಕು. ಮಸೂದೆಗಳು ಬಹುಮಟ್ಟಿಗೆ ಧ್ವನಿಮತದಿಂದ ಅಂಗೀಕೃತವಾಗುವುದರಿಂದ ಒಬ್ಬೊಬ್ಬರ ಮತ ದಾಖಲಾಗುವುದಿಲ್ಲ. 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ಅನುಸೂಚಿಯ ಬಳಿಕ ಸದಸ್ಯನ ಮತ ಪಕ್ಷದ ವಿಪ್ಪಿಗೆ ಕಟ್ಟುಬಿದ್ದಿದೆ. ಸ್ವಂತ ಅಭಿಪ್ರಾಯ ಕಾಣುವುದು ಭಾಷಣದಲ್ಲಿ, ಪ್ರಶ್ನೆಯಲ್ಲಿ.

ಮೂರನೆಯದು ಹಣ. ಆಯವ್ಯಯದಲ್ಲಿ ಇಟ್ಟ ಮೊತ್ತ ಬೇರೆ, ವೆಚ್ಚವಾದ ಮೊತ್ತ ಬೇರೆ. ಎರಡನ್ನೂ ಪಕ್ಕಪಕ್ಕ ಬರೆಯಬೇಕು. ಮಹಾಲೇಖಪಾಲರ ವರದಿಗಳು ಇದಕ್ಕೆ ನೆರವಾಗುತ್ತವೆ. ಸಂಸತ್ಸದಸ್ಯರ ಪ್ರದೇಶಾಭಿವೃದ್ಧಿ ನಿಧಿ 2011-12ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ. ಆದರೆ 2020ರ ಏಪ್ರಿಲಿನಲ್ಲಿ ಆ ನಿಧಿಯನ್ನು ಅಮಾನತಿನಲ್ಲಿಟ್ಟು 2021ರ ನವೆಂಬರಿನಲ್ಲಿ ಮತ್ತೆ ತೆರೆದರು. ಆ ಅವಧಿಯ ಶೂನ್ಯವನ್ನು ಸದಸ್ಯರ ತಲೆಗೆ ಕಟ್ಟುವುದು ಅನ್ಯಾಯ.

ನಾಲ್ಕನೆಯದು, ನಾಮಪತ್ರದೊಡನೆ ಸಲ್ಲಿಸುವ ಪ್ರಮಾಣಪತ್ರ. ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳಿಂದ ಲಭಿಸಿದ ಈ ಪತ್ರದಲ್ಲಿ ಆಸ್ತಿ, ಸಾಲ, ವಿದ್ಯೆ, ಮೊಕದ್ದಮೆಗಳ ವಿವರವಿದೆ. ಆರೋಗ್ಯನೀತಿ ಅದರಲ್ಲಿಲ್ಲ. ಆದರೂ ಖಾಸಗಿ ಆಸ್ಪತ್ರೆಯಲ್ಲಿ ಪಾಲು ಇದ್ದರೆ ತಿಳಿದೀತು. ಪಾಲಿದ್ದ ಮಾತ್ರಕ್ಕೆ ದೋಷವೆನ್ನಲಾಗದು, ತಿಳಿದಿರುವುದು ಒಳ್ಳೆಯದು.

ಇವುಗಳಲ್ಲಿ ದೊರೆಯದುದನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಅವಧಿ 30 ದಿನ. ಮಂಜೂರಾದ ವೈದ್ಯರ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು ಎಂಬ ಒಂದೇ ಪ್ರಶ್ನೆ ಹತ್ತು ಭಾಷಣಗಳಿಗೆ ಸಮ. ಆದರೆ ಪ್ರಚಾರದ ಧ್ವನಿವರ್ಧಕ ಕೇಳಿಸಿದ ಮೇಲೆ ಅರ್ಜಿ ಬರೆದರೆ ಉತ್ತರ ಮತದಾನದ ಬಳಿಕ ಬಂದೀತು. ಬಿತ್ತನೆಗೆ ಮುನ್ನವೇ ಉಳಬೇಕಷ್ಟೆ.

ದಾಖಲೆ ಎಷ್ಟು ನಿಷ್ಠುರವಾಗಿ ಮಾತನಾಡಬಲ್ಲುದೆಂಬುದಕ್ಕೆ ಎಂಡೋಸಲ್ಫಾನಿನ ಪ್ರಕರಣವೊಂದೇ ಸಾಕು. ಗೇರುತೋಟಗಳ ಮೇಲೆ ವಿಮಾನದಿಂದ ಸುರಿದ ಆ ವಿಷಕ್ಕೆ ತುತ್ತಾದವರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಕಂಡುಕೊಂಡುದೇನು? 3,704 ಮಂದಿಯಲ್ಲಿ ಹಣ ಮುಟ್ಟಿದುದು 8 ಮಂದಿಗೆ. ಈ ಐದು ವರ್ಷಗಳಲ್ಲಿ ಸಂತ್ರಸ್ತರ ಹೆಸರೆತ್ತಿ ಅನುಕಂಪ ಸೂಚಿಸದ ವೇದಿಕೆ ನಮ್ಮ ಜಿಲ್ಲೆಯಲ್ಲಿ ಇತ್ತೇ?

ಬಂಧುಗಳೇ, ಕಡತಗಳು ಬಹುಮಟ್ಟಿಗೆ ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇವೆ. ಕನ್ನಡವನ್ನಷ್ಟೇ ಓದಬಲ್ಲ ನಮ್ಮ ತಾಯಂದಿರಿಗೆ ಉಳಿಯುವುದು ಧ್ವನಿವರ್ಧಕ ಮಾತ್ರ. ಭಾಷಾ ಅಲ್ಪಸಂಖ್ಯಾತರ ಅತಿ ದೊಡ್ಡ ಬಡತನ ಇದೇ. ದೂರನ್ನು ನಮ್ಮ ನುಡಿಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ತಿಳಿವಳಿಕೆಯನ್ನು ನಮ್ಮ ನುಡಿಗೆ ತರುವ ಕೆಲಸವನ್ನು ಮಾತ್ರ ನಾವೇ ಮಾಡಬೇಕು.

ಸಂಘದ ವಾಚನಾಲಯದಲ್ಲಿ ಪ್ರತಿ ಚುನಾವಣೆಗೂ ಒಂದು ಕನ್ನಡ ಕಡತವಿರಲಿ ಎಂಬುದು ನಮ್ಮ ಬಿನ್ನಹ. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳು. ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ ದಾಖಲೆಯ ಹೆಸರು, ತಾರೀಕು. ಅಭ್ಯರ್ಥಿಗೆ ಮೊದಲೇ ತೋರಿಸಿ ಅವರ ಸಮಾಧಾನವನ್ನೂ ಅಲ್ಲಿಯೇ ಬರೆಯುವುದು. ಕೊನೆಯಲ್ಲಿ ಇವರಿಗೆ ಮತ ಕೊಡಿರೆಂಬ ಮಾತು ಮಾತ್ರ ಇಲ್ಲ. ತೀರ್ಪು ಓದುಗನದು. ನಮ್ಮ ಪ್ರೌಢಶಾಲೆಯ ಮಕ್ಕಳು ಮೂರು ಭಾಷೆಗಳನ್ನು ಬಲ್ಲವರು; ಅನುವಾದಕ್ಕೆ ಅವರಿದ್ದಾರೆ, ತಿದ್ದಲು ನಾವಿದ್ದೇವೆ.