ಪರದೇಶದ ಬಾಡಿಗೆ ಮನೆ: ಕರಾರು ಯಾರ ಹೆಸರಿನಲ್ಲಿದೆ?

(ಗಲ್ಫ್‌ಗೆ ಹೊರಟಿರುವ ಯುವಕರು ಹಾಗೂ ಅವರ ಮನೆಯವರ ಮುಂದೆ ಗೋಣಿಬೀಡಿನಲ್ಲಿ ಮಾಡಿದ ಭಾಷಣದ ಲೇಖನರೂಪ)



ಮೂಡಿಗೆರೆ ತಾಲೂಕಿನ ಈ ಭಾಗದಲ್ಲಿ ಮಗ ದುಬೈಗೆ ಹೊರಟನೆಂದರೆ ವೀಸಾ, ಟಿಕೆಟ್, ಸಂಬಳಗಳ ಬಗ್ಗೆ ಮನೆಯಲ್ಲಿ ದಿನಗಟ್ಟಲೆ ಚರ್ಚೆಯಾಗುತ್ತದೆ. ಆತ ಅಲ್ಲಿ ಯಾವ ಸೂರಿನಡಿ ಮಲಗುತ್ತಾನೆಂಬ ಪ್ರಶ್ನೆ ಬಂದಾಗ ಮಾತ್ರ 'ನಮ್ಮವರೊಬ್ಬರ ರೂಮಿದೆ' ಎಂಬ ಉತ್ತರಕ್ಕೆ ಮಾತು ನಿಂತುಬಿಡುತ್ತದೆ. ಕಂಪೆನಿಯೇ ವಸತಿ ಕೊಡುವವರ ವಿಚಾರ ಬೇರೆ. ಅಂಗಡಿ, ಕಚೇರಿ, ಹೊಟೇಲುಗಳಲ್ಲಿ ದುಡಿಯುತ್ತಾ ತನ್ನ ವಸತಿಯನ್ನು ತಾನೇ ಹುಡುಕಿಕೊಳ್ಳಬೇಕಾದವನ ಕುರಿತು ನಾನಿಂದು ಮಾತನಾಡಬಯಸುತ್ತೇನೆ.

ಮಲೆನಾಡಿನಲ್ಲಿ ಬಾಡಿಗೆಯೆಂಬುದು ಬಹುಮಟ್ಟಿಗೆ ಬಾಯಿಮಾತಿನ ವ್ಯವಹಾರ. ಬೆಂಗಳೂರಿನಲ್ಲಿ ಕರಾರು ಪತ್ರ ಬರೆಸುತ್ತಾರಾದರೂ ಸಾಮಾನ್ಯವಾಗಿ ಅದನ್ನು 11 ತಿಂಗಳಿಗೆ ನಿಲ್ಲಿಸುತ್ತಾರೆ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆಂಬುದೇ ಅದರ ಗುಟ್ಟು. ನೋಂದಣಿಯಿಂದ ತಪ್ಪಿಸಿಕೊಳ್ಳುವುದನ್ನೇ ಜಾಣತನವೆಂದು ಇಲ್ಲಿ ಕಲಿತವನು ಅಲ್ಲಿಯೂ ಹಾಗೆಯೇ ನಡೆದುಕೊಳ್ಳುತ್ತಾನೆ. ದುಬೈಯಲ್ಲಾದರೋ ಬಾಡಿಗೆದಾರನ ದೊಡ್ಡ ಆಸರೆಯೇ ಆ ನೋಂದಣಿ. ಅದರ ಹೆಸರು 'ಇಜಾರಿ'. ಅರಬಿಯಲ್ಲಿ 'ನನ್ನ ಬಾಡಿಗೆ' ಎಂದರ್ಥ.

ಅಲ್ಲಿನ ಕಾನೂನು ಬಾಡಿಗೆದಾರನನ್ನು ಸಂಪೂರ್ಣವಾಗಿ ಕೈಬಿಟ್ಟಿಲ್ಲ ಎಂಬುದನ್ನು ನಮ್ಮಲ್ಲಿ ಅನೇಕರು ಅರಿತಿಲ್ಲ. 2007ರ 26ನೇ ಕಾನೂನು ಮತ್ತು ಅದರ 2008ರ ತಿದ್ದುಪಡಿಯ ಪ್ರಕಾರ ಬಾಡಿಗೆಯನ್ನೋ ಕರಾರಿನ ಷರತ್ತನ್ನೋ ಬದಲಿಸಬೇಕಾದರೆ ಅವಧಿ ಮುಗಿಯುವ 90 ದಿನಗಳ ಮೊದಲೇ ತಿಳಿಸಬೇಕು. ಮನೆ ಮಾರುವುದಕ್ಕಾಗಿ ಅಥವಾ ತಾನೇ ವಾಸಿಸುವುದಕ್ಕಾಗಿ ಮಾಲಕನು ತೆರವು ಬಯಸಿದರೆ ನೋಟರಿ ಅಥವಾ ನೋಂದಾಯಿತ ಅಂಚೆಯ ಮೂಲಕ 12 ತಿಂಗಳ ನೋಟೀಸು ಕೊಡಬೇಕು. 2013ರ 43ನೇ ಆಜ್ಞೆಯು ಏರಿಕೆಗೂ ಮಿತಿ ಹಾಕಿದೆ. ಈಗಿನ ಬಾಡಿಗೆಯು ಅದೇ ಪ್ರದೇಶದ ಸರಾಸರಿಗಿಂತ ಶೇ. 10ರವರೆಗೆ ಕಡಿಮೆಯಿದ್ದರೆ ಏರಿಸುವಂತೆಯೇ ಇಲ್ಲ. ಎಷ್ಟೇ ಕಡಿಮೆಯಿದ್ದರೂ ಏರಿಕೆ ಶೇ. 20ನ್ನು ಮೀರಬಾರದು. ತಕರಾರಿದ್ದರೆ ಬಾಡಿಗೆ ವಿವಾದ ಕೇಂದ್ರಕ್ಕೆ ದೂರು ಕೊಡಬಹುದು.

ಆದರೆ ಈ ರಕ್ಷಣೆ ಕರಾರಿನಲ್ಲಿ ಹೆಸರಿರುವವನದು. ದೇರಾದಲ್ಲೋ ಸತ್ವಾದಲ್ಲೋ ಒಬ್ಬನು ಫ್ಲಾಟು ಹಿಡಿಯುತ್ತಾನೆ, ಪ್ಲೈವುಡ್ ಹಲಗೆಗಳಿಂದ ಅದನ್ನು ಖಾನೆಗಳಾಗಿ ವಿಭಜಿಸುತ್ತಾನೆ, ಮಂಚವೊಂದಕ್ಕೆ ಇಷ್ಟೆಂದು ತಿಂಗಳು ತಿಂಗಳು ನಗದು ಪಡೆಯುತ್ತಾನೆ. ರಶೀದಿಯ ಮಾತೇ ಇಲ್ಲ. ಮಾಲಕನ ಲಿಖಿತ ಒಪ್ಪಿಗೆಯಿಲ್ಲದೆ ಹೀಗೆ ಒಳಬಾಡಿಗೆ ಕೊಡುವುದನ್ನು ಅದೇ ಕಾನೂನು ನಿಷೇಧಿಸಿದೆ. ಸಿಕ್ಕಿಬಿದ್ದರೆ ಕೊಟ್ಟವನನ್ನೂ ಪಡೆದವನನ್ನೂ ಹೊರಹಾಕಬಹುದು. ಒಳಬಾಡಿಗೆದಾರನಿಗೆ ಉಳಿಯುವುದು ತನಗೆ ಬಾಡಿಗೆ ಕೊಟ್ಟವನಿಂದ ಪರಿಹಾರ ಕೇಳುವ ಹಕ್ಕು. ರಶೀದಿಯೇ ಇಲ್ಲದವನು ಏನನ್ನು ತೋರಿಸಿ ಕೇಳಬೇಕು? 2025ರ ಜೂನ್‌ನಲ್ಲಿ ದುಬೈ ಮುನಿಸಿಪಾಲಿಟಿಯು ರಿಗ್ಗಾ, ಮುರಕ್ಕಬಾತ್, ಸತ್ವಾ, ಬರ್ಶಾ ಮುಂತಾದೆಡೆ ಅಕ್ರಮ ವಿಭಜನೆಗಳ ವಿರುದ್ಧ ಕಾರ್ಯಾಚರಣೆ ಕೈಗೊಂಡಿತು. ಅಗ್ನಿ ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಕಡಿಮೆ ಸಂಬಳದವನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ರೂಮು ಹಿಡಿದವನನ್ನೇ ಖಳನಾಯಕನಂತೆ ಕಾಣುವುದೂ ನ್ಯಾಯವಲ್ಲ. ಲಾಭಕ್ಕಾಗಿಯೇ ಈ ದಂಧೆಗಿಳಿದವರಿದ್ದಾರೆ, ನಿಜ. ಊರಿನ ಹುಡುಗರು ಬೀದಿಗೆ ಬೀಳಬಾರದೆಂದು ತನ್ನ ಹೆಸರಿನಲ್ಲಿ ಕರಾರು ಮಾಡಿಕೊಂಡವರೂ ಇದ್ದಾರೆ. ವರ್ಷದ ಬಾಡಿಗೆಗೆ ಮುಂದಿನ ದಿನಾಂಕದ ಚೆಕ್ಕುಗಳನ್ನು ಬರೆದುಕೊಟ್ಟವನು ಆತ. ನಾಲ್ವರು ಹುಡುಗರು ಹೇಳದೆ ಕೇಳದೆ ಜಾಗ ಖಾಲಿ ಮಾಡಿದರೆ ಚೆಕ್ಕು ಬೌನ್ಸ್ ಆಗುವುದು ಆತನದೇ. 2022ರ ಜನವರಿಯಿಂದ ಖಾತೆಯಲ್ಲಿ ಹಣವಿಲ್ಲದ ಕಾರಣಕ್ಕಷ್ಟೇ ಚೆಕ್ಕು ಮರಳಿದರೆ ಅದು ಕ್ರಿಮಿನಲ್ ಅಪರಾಧವಾಗಿ ಉಳಿದಿಲ್ಲ, ವಂಚನೆಯಿದ್ದರೆ ಮಾತ್ರ ಶಿಕ್ಷೆ. ಆದರೂ ಹಣ ವಸೂಲಿಗೆ ನ್ಯಾಯಾಲಯವಿದೆ, ಪ್ರಯಾಣ ನಿಷೇಧದ ಭಯವಿದೆ.

'ಚಿಕ್ಕಪ್ಪನ ಮಗನ ಹತ್ತಿರ ಕಾಗದ ಕೇಳುವುದೇ?' ಎಂಬ ಸಂಕೋಚ ನಮ್ಮವರನ್ನು ಬಾಧಿಸುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಅಲ್ ಬಕರಃ ಅಧ್ಯಾಯದ 282ನೇ ಸೂಕ್ತವು ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾಗಿದೆ. ಬರೆಯುವುದು ಅಪನಂಬಿಕೆಯಾಗಿದ್ದರೆ ಅಷ್ಟು ವಿವರವಾದ ಆದೇಶದ ಅಗತ್ಯವಾದರೂ ಏನಿತ್ತು?

ಹಂಚಿಕೊಂಡು ವಾಸಿಸುವುದು ಅನಿವಾರ್ಯವಾದರೆ ಮಾಲಕನ ಲಿಖಿತ ಒಪ್ಪಿಗೆ ಇದೆಯೇ ಎಂದು ಕೇಳಿರಿ. ಜೊತೆಗೆ ವಾಸಿಸುವವರೆಲ್ಲರ ಹೆಸರನ್ನೂ ನೋಂದಾಯಿಸಬೇಕೆಂದು ದುಬೈ ಭೂ ಇಲಾಖೆ 2022ರಲ್ಲಿಯೇ ಸೂಚಿಸಿದೆ. ತಮ್ಮ ಹೆಸರನ್ನು ಸೇರಿಸಿಕೊಳ್ಳಲು ಒತ್ತಾಯಿಸಿರಿ. ಕುಟುಂಬವನ್ನು ಕರೆಸಿಕೊಳ್ಳಲು ಬಯಸುವವನಿಗೆ ತನ್ನ ಹೆಸರಿನ ಇಜಾರಿ ಬೇಕೇ ಬೇಕು. ಅಂಥವನು ಬಾಡಿಗೆಯ ಜೊತೆಗೆ ಇತರ ಖರ್ಚುಗಳನ್ನೂ ಮೊದಲೇ ಲೆಕ್ಕ ಹಾಕಬೇಕು: ರೂಢಿಯಂತೆ ವರ್ಷದ ಬಾಡಿಗೆಯ ಶೇ. 5 ಠೇವಣಿ, ಸುಮಾರು ಅಷ್ಟೇ ದಲ್ಲಾಳಿ ಹಣ, ಫ್ಲಾಟಿನ ನೀರು-ವಿದ್ಯುತ್ತಿಗೆ 2,000 ದಿರ್ಹಮ್ ಠೇವಣಿ, ಪ್ರತಿ ತಿಂಗಳ ಬಿಲ್ಲಿನಲ್ಲಿ ಸೇರಿಬರುವ ವಸತಿ ಶುಲ್ಕ.

ಇಲ್ಲಿ ಕುಳಿತಿರುವ ತಾಯಂದಿರಲ್ಲಿಯೂ ನನ್ನದೊಂದು ವಿನಂತಿಯಿದೆ. ಮಗ ಫೋನ್ ಮಾಡಿದಾಗ ಊಟವಾಯಿತೇ ಎಂದು ಕೇಳಿದ ಬಳಿಕ, ಕರಾರಿನ ಫೋಟೋ ಒಂದನ್ನು ಮೊಬೈಲಿಗೆ ಕಳುಹಿಸಲು ಹೇಳಿರಿ. ಅದರಲ್ಲಿ ಯಾರ ಹೆಸರಿದೆ, ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಶಾಲೆಗೆ ಹೋಗುವ ಮಕ್ಕಳಿಂದಲಾದರೂ ಓದಿಸಿಕೊಳ್ಳಿರಿ.