ಪಾದ ತೊಳೆದ ಗುರು



ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಶಿಷ್ಯನು ಗುರುವಿನ ಪಾದವನ್ನು ತೊಳೆದು ಆ ಉದಕವನ್ನು ಭಕ್ತಿಯಿಂದ ಸೇವಿಸುವದು ಮಠದ ಭಕ್ತರೆಲ್ಲರೂ ಬಲ್ಲ ಆಚಾರ. ಕ್ರೈಸ್ತರ ಧರ್ಮಗ್ರಂಥದಲ್ಲಿ ಗುರುವೇ ಶಿಷ್ಯರ ಪಾದ ತೊಳೆದ ಪ್ರಸಂಗವುಂಟು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಅದು ಬಂದಿದೆ. ಯೇಸುಸ್ವಾಮಿಯವರು ಮರಣದ ಹಿಂದಿನ ರಾತ್ರಿ ಊಟದಿಂದೆದ್ದು, ಮೇಲುವಸ್ತ್ರವನ್ನು ತೆಗೆದಿಟ್ಟು, ನಡುವಿಗೆ ಅರಿವೆಯನ್ನು ಸುತ್ತಿ, ಶಿಷ್ಯರ ಕಾಲುಗಳನ್ನು ತೊಳೆದು ಒರಿಸಿದರು. ಆ ದೇಶದಲ್ಲಿ ಅದು ಆಳುಗಳ ಕೆಲಸ. ಪೇತ್ರನೆಂಬ ಶಿಷ್ಯನು ಸಂಕೋಚದಿಂದ ಕಾಲು ಕೊಡಲೊಲ್ಲದೆ ಹೋದನು. ಗುರುವು ಗದರಿಸಿದ ಮೇಲೆ ಒಪ್ಪಿದನು. ಅದೇ ರಾತ್ರಿ ಗುರುವನ್ನು ಹಿಡಿದುಕೊಡಲಿದ್ದ ಯೂದನೂ ಆ ಪಂಕ್ತಿಯಲ್ಲಿ ಕುಳಿತಿದ್ದನು. ಅವನ ಕಾಲನ್ನೂ ಗುರುವು ಬಿಡಲಿಲ್ಲ.

ಆದರೆ ತಗ್ಗುವದನ್ನು ಒಮ್ಮೆ ಕಲಿತರೆ ಸಾಲದು. ಮುಂದೆ ಪೇತ್ರನು ಅನ್ಯಕುಲದ ಕೊರ್ನೇಲ್ಯನೆಂಬ ಶತಾಧಿಪತಿಯ ಮನೆಗೆ ಹೋದಾಗ, ಕಾಲಿಗೆ ಬಿದ್ದ ಆತನನ್ನು ಎಬ್ಬಿಸಿ, ತಾನೂ ಮನುಷ್ಯನೇ ಎಂದು ಹೇಳಿದನು. ಅದೇ ಪೇತ್ರನು ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಕುಲದವರೊಡನೆ ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ಸ್ವಜನರು ಬರಲು ಅಂಜಿ ಪಂಕ್ತಿಯಿಂದ ಹಿಂದೆ ಸರಿದನು. ಪೌಲನು ಎಲ್ಲರೆದುರಿಗೆ ಅವನನ್ನು ಆಕ್ಷೇಪಿಸಿದನು. ಹಿರಿಯ ಶಿಷ್ಯನ ಈ ತಪ್ಪನ್ನು ಕ್ರೈಸ್ತರು ತಮ್ಮ ಗ್ರಂಥದಿಂದ ಅಳಿಸಿಹಾಕಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಕನ್ನಡನಾಡಿನಲ್ಲಿಯೂ ಈ ವಿನಯಕ್ಕೆ ನಿದರ್ಶನವುಂಟು. ಮಂಗಳೂರಿನ ಸಾರಸ್ವತ ಬ್ರಾಹ್ಮಣರಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತದೀಕ್ಷೆಯನ್ನು ಪಡೆದು, ಬಾಸೆಲ್ ನಗರದಲ್ಲಿ ವ್ಯಾಸಂಗ ಮಾಡಿ, 1851ರಲ್ಲಿ ಬೋಧಕರಾಗಿ ಮರಳಿದರು. ಬಸವಪುರಾಣವನ್ನು ಅಚ್ಚು ಹಾಕಿಸಿದ ಹೆರ್ಮನ್ ಮೋಗ್ಲಿಂಗರೂ ಇವರೂ ಕೂಡಿ, ಕೊಡಗಿನಲ್ಲಿ ಅಸ್ಪೃಶ್ಯರೆನಿಸಿ ಜೀತದಲ್ಲಿ ಬಾಳಿದ್ದ ಜನರಿಗೆ ನೆಲೆಯೊದಗಿಸಿದರು. ಆ ಊರಿಗೆ ಆನಂದಪುರವೆಂದು ಹೆಸರಾಯಿತು. ಹೀಗಿದ್ದೂ ಈ ದೇಶದ ಕೆಲವೆಡೆ ಕ್ರೈಸ್ತರ ಸ್ಮಶಾನದಲ್ಲಿ ಸಹ ಜಾತಿಯ ಗೋಡೆ ಎದ್ದುನಿಂತದ್ದುಂಟು.

ಅದನ್ನು ಕಂಡು ನಗುವ ಅಧಿಕಾರ ಶರಣರ ಮಕ್ಕಳಿಗಿಲ್ಲ. ಕಲ್ಯಾಣವು ಬೀದರ ಜಿಲ್ಲೆಯಲ್ಲಿಯೇ ಇದೆ. ಅಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ತಮ್ಮನ್ನು ಮಾದಾರ ಚೆನ್ನಯ್ಯನ ಮನೆಯ ಮಗನೆಂದು ಎಣಿಸಿಕೊಂಡರು. ಹರಳಯ್ಯ ಮಧುವರಸರು ಬೀಗರಾದುದಕ್ಕೆ ಪ್ರಾಣವನ್ನೇ ತೆತ್ತರೆಂದು ಪರಂಪರೆಯು ಹೇಳುತ್ತದೆ. ಅವರ ಹೆಸರೆತ್ತಿ ಕೈಮುಗಿಯುವವರಲ್ಲಿಯೇ ಒಳಪಂಗಡದ ನೆವದಿಂದ ಹೆಣ್ಣುಗಂಡುಗಳ ಕೊಡುಕೊಳು ನಿಂತುಹೋಗುವದುಂಟು. ಅಂತಿಯೋಕ್ಯದ ಪೇತ್ರನು ದೂರದವನಲ್ಲ.

ಔರಾದ ತಾಲೂಕಿನ ಚಿಂತಾಕಿಯು ಗಡಿನಾಡಿನ ಊರು. ಕನ್ನಡ, ಮರಾಠಿ, ತೆಲುಗು ನುಡಿಗಳು ಕೂಡಿ ಬಾಳುವ ಸೀಮೆಯಿದು. ನಿಜಾಮರ ಕಾಲದಲ್ಲಿಯೇ ಬೀದರಿನಲ್ಲಿ ನೆಲೆಗೊಂಡ ಮೆಥೊಡಿಸ್ಟ ಸಭೆಯವರೂ ಈ ಸೀಮೆಯ ನೆರೆಹೊರೆಯವರೇ. ಆದುದರಿಂದ ದಾಸೋಹದ ಪಂಕ್ತಿ ಕುಳಿತಾಗ ಮೊದಲಿನ ಎಲೆಯನ್ನು ನೋಡುವದಕ್ಕಿಂತ, ಬಾಗಿಲ ಹೊರಗೆ ಯಾರು ನಿಂತರೆಂಬುದನ್ನು ನೋಡತಕ್ಕದ್ದು. ಗುರುವಿನ ಪಾದ ತೊಳೆದ ಕೈ ಹೊರಗೆ ನಿಂತವನ ಕೈ ಹಿಡಿದು ಒಳಗೆ ಕರೆತಂದರೆ, ಅಂದು ಪಾದೋದಕವು ಸಾರ್ಥಕವಾಯಿತು.